ಮಂಜು ಸರಿದ ಮೇಲೆ: ನಂದಿಸೇನನ ಶಾಸನದ ಒಂದು ಮರುಓದು

ನನ್ನ ಪಿಎಚ್.ಡಿ. ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಒಂದು ವಾಕ್ಯ ಬರೆದಿದ್ದೆ: ‘ಈ ಪದ್ಯದ ಉಪಮೆಗಳೆಲ್ಲ ಜೈನ ವೈರಾಗ್ಯ ಸಾಹಿತ್ಯದ ಸಿದ್ಧ ಸರಕು, ಬರೆದವನ ಸ್ವಂತದ್ದು ಛಂದಸ್ಸಿನ ನಿರ್ವಹಣೆ ಮಾತ್ರ.’ ತ್ಯಾಗರಾಜನಗರದ ಬಾಡಿಗೆ ಕೋಣೆಯಲ್ಲಿ ಕೂತು, ಪಕ್ಕದ ಎನ್.ಆರ್. ಕಾಲೊನಿಯ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನದ ಗ್ರಂಥಾಲಯದಲ್ಲಿ ಮಾಡಿಕೊಂಡ ಟಿಪ್ಪಣಿಗಳನ್ನು ಹರಡಿಕೊಂಡು ಬರೆದದ್ದು. ಬರೆದಾಗ ಕೊಂಚ ಹೆಮ್ಮೆಯೂ ಆಗಿತ್ತು. ಎಲ್ಲರೂ ಹೊಗಳಿದ ಪದ್ಯವೊಂದರ ಬಗ್ಗೆ ‘ಅಷ್ಟೇನಿಲ್ಲ’ ಎಂದು ಬರೆಯುವುದು ಸಂಶೋಧಕರಿಗೆ ಸಿಗುವ ಸಣ್ಣ ಸುಖಗಳಲ್ಲಿ ಒಂದು.

ಈಚೆಗೆ ಆ ವಾಕ್ಯವನ್ನು ಹೊಡೆದುಹಾಕಿದೆ. ಹಾಗೆ ಮಾಡಿದ್ದು ಸರಿಯೇ, ಅಥವಾ ಬೆಟ್ಟದ ಮೇಲೆ ಮಳೆಯಲ್ಲಿ ನೆನೆದು ಬಂದವರ ಭಾವುಕತೆಯೇ ಎಂಬ ಅನುಮಾನ ಮಾತ್ರ ಪೂರ್ತಿ ಹೋಗಿಲ್ಲ. ಅದನ್ನು ಬಿಡಿಸಿಕೊಳ್ಳುವ ಪ್ರಯತ್ನ ಈ ಬರಹ.

ಪದ್ಯ ಶ್ರವಣಬೆಳಗೊಳದ ಚಿಕ್ಕಬೆಟ್ಟದ್ದು. ಚಂದ್ರಗಿರಿ ಎಂದು ಈಗ ಕರೆಯುವ, ಹಳೆಯ ಶಾಸನಗಳು ಕಟವಪ್ರ, ಕಳ್ವಪ್ಪು ಎಂದು ಕರೆಯುವ ಆ ಬೆಟ್ಟದ ಹಾಸುಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಹೊತ್ತಿಗೆ ಕೊರೆದದ್ದು. ನಂದಿಸೇನನೆಂಬ ಮುನಿ ಸನ್ಯಸನ ವಿಧಿಯಿಂದ, ಅಂದರೆ ಅನ್ನನೀರು ತೊರೆದು, ದೇಹ ಬಿಟ್ಟದ್ದನ್ನು ನೆನೆಯುವ ನಿಸಿದಿ ಶಾಸನ ಅದು. ಕವಿರಾಜಮಾರ್ಗಕ್ಕಿಂತ ಒಂದೂವರೆ ಶತಮಾನದಷ್ಟು ಹಿಂದಿನದು. ಮಹಾಸ್ರಗ್ಧರಾ ವೃತ್ತ, ಪಾದಕ್ಕೆ 22 ಅಕ್ಷರದಂತೆ ನಾಲ್ಕು ಪಾದ. ಬಾದಾಮಿಯ ಕಪ್ಪೆ ಅರಭಟ್ಟನ ತ್ರಿಪದಿಗಳ ಜೊತೆಗೆ, ಕನ್ನಡದಲ್ಲಿ ‘ಕಾವ್ಯ’ ಎಂದು ನಾವು ಧೈರ್ಯವಾಗಿ ಬೊಟ್ಟುಮಾಡಿ ತೋರಿಸುವ ಮೊದಲ ಬರಹಗಳಲ್ಲಿ ಒಂದು. ಕನ್ನಡ ಎಂ.ಎ. ಮಾಡಿದವರಿಗೆ ಬಾಯಿಪಾಠವೇ ಇರುತ್ತದೆ.

ಅದರ ತಿರುಳು ಇಷ್ಟು. ಸಿರಿ, ರೂಪ, ವಿಲಾಸ, ಹಣ, ವೈಭವ ಇವುಗಳ ದೊಡ್ಡ ರಾಶಿಗಳು ಕಾಮನಬಿಲ್ಲಿನಂತೆ, ಮಿಂಚಿನ ಬಳ್ಳಿಗಳಂತೆ, ಮಂಜಿನಂತೆ ಕಾಣಿಸಿಕೊಂಡು ಬೇಗನೆ ಚದುರಿಹೋಗುತ್ತವೆ, ಯಾರ ಪಾಲಿಗೂ ನಿಲ್ಲುವುದಿಲ್ಲ. ಇಂಥ ನೆಲದ ಮೇಲಿನ ಇರವು ನನಗೆ ಒಪ್ಪಿಗೆಯಿಲ್ಲ ಎಂದು ನಿಶ್ಚಯಿಸಿ ನಂದಿಸೇನ ಮುನಿ ಸನ್ಯಸನ ಕೈಗೊಂಡು ದೇವಲೋಕಕ್ಕೆ ಹೋದ. ಅರ್ಧ ಪದ್ಯ ಜಗತ್ತಿನ ಬಗ್ಗೆ, ಅರ್ಧ ಒಬ್ಬ ವ್ಯಕ್ತಿಯ ತೀರ್ಮಾನದ ಬಗ್ಗೆ. ಬರೆದವರ ಹೆಸರಿಲ್ಲ.

ನನ್ನ ಆಕ್ಷೇಪಕ್ಕೆ ಆಧಾರವಿತ್ತು. ಜೈನ ಸಾಧಕರು ಮನನ ಮಾಡಬೇಕಾದ 12 ಅನುಪ್ರೇಕ್ಷೆಗಳಲ್ಲಿ ಮೊದಲನೆಯದೇ ಅನಿತ್ಯತೆ. ಕುಂದಕುಂದಾಚಾರ್ಯರ ಹೆಸರಿನಲ್ಲಿರುವ ‘ಬಾರಸ ಅಣುವೇಕ್ಖಾ’ ಎಂಬ ಪ್ರಾಕೃತ ಕೃತಿಯಲ್ಲಿ ನೀರಗುಳ್ಳೆ, ಕಾಮನಬಿಲ್ಲು, ಮಿಂಚು, ಮೋಡದ ಸೊಬಗು ನಾಲ್ಕೂ ಒಂದೇ ಗಾಹೆಯಲ್ಲಿ ಬರುತ್ತವೆ. ಶ್ವೇತಾಂಬರರ ಉತ್ತರಾಧ್ಯಯನ ಸೂತ್ರ ಬಾಳನ್ನು ದರ್ಭೆಯ ತುದಿಯಲ್ಲಿ ನೇತಾಡುವ ಇಬ್ಬನಿಗೆ ಹೋಲಿಸುತ್ತದೆ. ಹೀಗಿರುವಾಗ ಕಟವಪ್ರದ ಅನಾಮಿಕ ಕವಿ ಬಳಸಿದ ಕಾಮನಬಿಲ್ಲೂ ಮಿಂಚೂ ಎಲ್ಲಿಂದ ಬಂದವು ಎಂದು ಹೇಳಲು ಬೆಟ್ಟ ಹತ್ತಬೇಕಿಲ್ಲ, ಗ್ರಂಥಾಲಯ ಸಾಕು. ಹಾಗೆಂದೇ ತಿಳಿದಿದ್ದೆ.

ಮಾರ್ಗದರ್ಶಕರು ಕರಡು ಓದಿ ಅಂಚಿನಲ್ಲಿ ಎರಡೇ ಪದ ಬರೆದರು: ‘ಬಂಡೆ ನೋಡಿದ್ದೀಯಾ?’ ನೋಡಿರಲಿಲ್ಲ. ಶಾಲೆಯ ಪ್ರವಾಸದಲ್ಲಿ ಎಲ್ಲರಂತೆ ದೊಡ್ಡಬೆಟ್ಟದ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಗೊಮ್ಮಟನನ್ನು ನೋಡಿ ಬಂದದ್ದಷ್ಟೇ. ನಾಲ್ಕು ವರ್ಷದಿಂದ ಶಾಸನಪದ್ಯಗಳ ಮೇಲೆ ಕೆಲಸ ಮಾಡುತ್ತಿರುವ ನಾನು ಎದುರಿನ ಚಿಕ್ಕಬೆಟ್ಟವನ್ನು ಹತ್ತಿಯೇ ಇರಲಿಲ್ಲ.

*

ಹೊರಟದ್ದು ಆಶ್ಲೇಷಾ ಮಳೆಯ ದಿನಗಳಲ್ಲಿ. ಮೆಜೆಸ್ಟಿಕ್‌ನಲ್ಲಿ ಹಾಸನದ ಬಸ್ಸು ಹತ್ತಿದಾಗ ಬೆಂಗಳೂರಿನಲ್ಲಿ ಮೋಡ ಮಾತ್ರ ಇತ್ತು. ಕುಣಿಗಲ್ ದಾಟುವಾಗ ಹನಿ ಶುರುವಾಯಿತು. ಹಿರೀಸಾವೆಯ ಹೊತ್ತಿಗೆ ಕಿಟಕಿಯಾಚೆ ತೆಂಗಿನ ತೋಟಗಳ ಬುಡ ಕಾಣುತ್ತಿತ್ತು, ತಲೆ ಕಾಣುತ್ತಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಬೆಳಗೊಳದಲ್ಲಿ ಇಳಿದಾಗ ಎರಡು ಬೆಟ್ಟಗಳ ನಡುವಿನ ಕಲ್ಯಾಣಿಯಿತ್ತು, ಬೆಟ್ಟಗಳು ಇರಲಿಲ್ಲ. ಧೋ ಎಂದು ಸುರಿಯುವ ಮಳೆಯಲ್ಲ ಅದು. ನಿಲ್ಲುವ ಲಕ್ಷಣವಿಲ್ಲದ ಸೋನೆ, ಜೊತೆಗೆ ನೆಲದ ತನಕ ಇಳಿದ ಮಂಜು.

ಚಿಕ್ಕಬೆಟ್ಟ ನಿಜಕ್ಕೂ ಚಿಕ್ಕದು. ಸುತ್ತಲಿನ ಬಯಲಿನಿಂದ ಸುಮಾರು 200 ಅಡಿ. ಚಪ್ಪಲಿ ಕೆಳಗೆ ಬಿಟ್ಟು ಹತ್ತಬೇಕು. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳ ಮೇಲೆ ನೀರು ಹರಿಯುತ್ತಿತ್ತು, ಕಾಲು ಜಾರುತ್ತಿತ್ತು. ಮೇಲೆ ಪ್ರಾಕಾರದೊಳಗೆ ಬಸದಿಗಳು ಒಂದರ ಪಕ್ಕ ಒಂದು ಒತ್ತಾಗಿ ನಿಂತಿವೆ: ಪಾರ್ಶ್ವನಾಥ ಬಸದಿ, ಕತ್ತಲೆ ಬಸದಿ, ಚಂದ್ರಗುಪ್ತ ಬಸದಿ, ಚಾವುಂಡರಾಯ ಬಸದಿ, ಶಾಂತಲೆ ಕಟ್ಟಿಸಿದ ಸವತಿಗಂಧವಾರಣ ಬಸದಿ. ಅವು ಯಾವುವೂ ನಂದಿಸೇನನ ಕಾಲದವಲ್ಲ. ಅವನ ಕಾಲದ ಬೆಟ್ಟವನ್ನು ಕಲ್ಪಿಸಿಕೊಳ್ಳಬೇಕಾದರೆ ಇವನ್ನೆಲ್ಲ ಮನಸ್ಸಿನಲ್ಲೇ ಕೆಡವಬೇಕು. ಆಗ ಉಳಿಯುವುದು ಬೋಳು ಬಂಡೆ, ಮತ್ತು ಆ ಬಂಡೆಯ ಮೇಲೆ ಸಾಯಲೆಂದೇ ಬಂದು ಕೂತ ಜನ.

ಹೋದ ಕೆಲಸ ಆಗಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಪಾರ್ಶ್ವನಾಥ ಬಸದಿಯ ಸುತ್ತಮುತ್ತಲ ಹಾಸುಬಂಡೆಯೆಲ್ಲ ಒಂದೇ ಕಪ್ಪುಬಣ್ಣಕ್ಕೆ ತಿರುಗಿತ್ತು. 1300 ವರ್ಷ ಸವೆದ ಅಕ್ಷರಗಳ ಆಳವಾದರೂ ಎಷ್ಟು? ಒಣಗಿದಾಗಲೇ ಓರೆ ಬಿಸಿಲು ಬೇಕು. ಒದ್ದೆಯಲ್ಲಿ ಅಕ್ಷರಕ್ಕೂ ಬಂಡೆಗೂ ವ್ಯತ್ಯಾಸವೇ ತಿಳಿಯದು. ಕೊಡೆ ಹಿಡಿದುಕೊಂಡು, ಪುಸ್ತಕದ ಪ್ರತಿಯನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟುಕೊಂಡು ಅರ್ಧ ಗಂಟೆ ಬಗ್ಗಿ ಹುಡುಕಿದೆ. ಕೊನೆಗೆ ಚಾವುಂಡರಾಯ ಬಸದಿಯ ಮುಂದಿನ ಮಂಟಪಕ್ಕೆ ಓಡಿದೆ.

ಅಲ್ಲಿ ಕಾವಲುಗಾರರೊಬ್ಬರು ಬೀಡಿ ಸೇದಲಾರದೆ ಕೈಯಲ್ಲಿ ಉರುಳಿಸುತ್ತ ಕೂತಿದ್ದರು. ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಹೇಳಿದೆ. ‘ಮಳೇಲಿ ಏನ್ ಕಾಣ್ತದೆ? ನಿಲ್ಲಲಿ. ನಿಂತು ಗಾಳಿ ಆಡಿದ್ರೆ ಬಂಡೆ ಮೊದಲು ಒಣಗ್ತದೆ, ಅಕ್ಷರದೊಳಗಿನ ನೀರು ಆಮೇಲೆ. ಆಗ ನೋಡಿ’ ಎಂದರು.

ಸುಮಾರು ಮೂರು ಗಂಟೆ ಕಾದೆ.

*

ಕಾಯುವಾಗ ಓದಿದ್ದು ಅಕ್ಕಪಕ್ಕದ ಶಾಸನಗಳನ್ನು. ಪುಸ್ತಕದಲ್ಲಿ, ಬಂಡೆಯ ಮೇಲಲ್ಲ. ಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ 144 ಇದ್ದವು, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500 ಆದವು. ಸಂಕಲನಕಾರರು ಇವುಗಳಲ್ಲಿ ಚೆಂದದ ಪದ್ಯಗಳನ್ನು ಆರಿಸಿ ಕೊಡುತ್ತಾರೆ, ನಾವು ಆ ಆಯ್ಕೆಯನ್ನು ಓದುತ್ತೇವೆ. ಹಾಗಾಗಿ ನಂದಿಸೇನನ ಪದ್ಯ ನಮಗೆ ಸದಾ ಒಂಟಿಯಾಗಿ, ಬಿಳಿಯ ಹಾಳೆಯ ನಡುವೆ ಸಿಕ್ಕುತ್ತದೆ. ಬೆಟ್ಟದ ಮೇಲೆ ಅದು ಒಂಟಿಯಲ್ಲ.

ಅದರ ನೆರೆಯಲ್ಲಿ ಬಹುಪಾಲು ಇರುವುದು ಒಂದೆರಡು ಸಾಲಿನ ಗದ್ಯ. ಚಿತ್ತೂರಿನ ಮೌನಿಗುರುಗಳ ಶಿಷ್ಯೆ ನಾಗಮತಿ ಗಂತಿಯರು ಮೂರು ತಿಂಗಳು ನೋಂಪಿ ಹಿಡಿದು ಬಾಳು ಮುಗಿಸಿದರು ಎನ್ನುತ್ತದೆ ಒಂದು. ಉಪಮೆಯಿಲ್ಲ, ಹೊಗಳಿಕೆಯಿಲ್ಲ. ಊರು, ಗುರು, ಹೆಸರು, ಅವಧಿ, ಸಾವು. ಎಂ.ಎ. ತರಗತಿಯಲ್ಲಿ ಇದನ್ನು ಓದಿದಾಗ ‘ಮೂರು ತಿಂಗಳು’ ಎಂಬುದು ಒಂದು ಮಾಹಿತಿಯಾಗಿತ್ತು. ಮಂಟಪದ ಕೆಳಗೆ, ಒದ್ದೆ ಬಟ್ಟೆಯಲ್ಲಿ, ಮೂರು ಗಂಟೆಗೇ ನಡುಗುತ್ತ ಕೂತವರಿಗೆ ಅದು ಬೇರೆ ಲೆಕ್ಕ. ಮೂರು ತಿಂಗಳೆಂದರೆ ಒಂದೂವರೆ ಋತು. ಆ ಹೆಣ್ಣುಮಗಳು ಕೂತದ್ದು ಬೇಸಿಗೆಯಲ್ಲೋ ಮಳೆಗಾಲದಲ್ಲೋ, ಒಂದು ಋತುವಿನಿಂದ ಇನ್ನೊಂದಕ್ಕೆ ಹವೆ ತಿರುಗುವುದನ್ನಂತೂ ಅವಳು ಮೈಮೇಲೆ ಅನುಭವಿಸಿರಬೇಕು.

ಇನ್ನೊಂದು ಪದ್ಯವಿದೆ, ಹೆಚ್ಚುಕಡಿಮೆ ಅದೇ ಕಾಲದ್ದು. ಕಳಂತೂರಿನ ಹಿರಿಯ ಗುರುವೊಬ್ಬರದು. ಕತ್ತಿಯ ಅಲಗಿನ ಮೇಲೆ, ಬೆಂಕಿಯ ಮೇಲೆ, ಹಾವಿನ ಹಲ್ಲಿನ ಮೊನೆಯ ಮೇಲೆ ನಡೆದಂಥ ತಪಸ್ಸನ್ನು ಅವರು 108 ವರ್ಷ ನಡೆಸಿ, ಈ ಬೆಟ್ಟ ಏರಿ ಸಮಾಧಿ ಪಡೆದರು ಎಂದು ಅದು ಹೇಳುತ್ತದೆ. ಅಲ್ಲಿಯೂ ಮೂರು ಉಪಮೆಗಳೇ. ಆದರೆ ಮೂರೂ ಮೈಗೆ ಚುಚ್ಚುವಂಥವು, ಸುಡುವಂಥವು, ಕಚ್ಚುವಂಥವು. ಅದು ವೀರದ ಭಾಷೆ. ವೀರಗಲ್ಲಿಗೂ ಒಪ್ಪುವ ಭಾಷೆ. ನಂದಿಸೇನನ ಪದ್ಯದಲ್ಲಿ ನೋವಿನ ಸುಳಿವೇ ಇಲ್ಲ. ಅಲ್ಲಿರುವ ಮೂರೂ ಆಕಾಶಕ್ಕೆ, ಹವೆಗೆ ಸೇರಿದವು. ಒಂದೇ ಬೆಟ್ಟ, ಒಂದೇ ಬಗೆಯ ಸಾವು, ಎರಡು ಬೇರೆ ಬೇರೆ ಕಣ್ಣುಗಳು. ‘ಸಿದ್ಧ ಸರಕು’ ಎಂದ ನಾನು ಅಂಗಡಿಯಲ್ಲಿ ಬೇರೆ ಸರಕೂ ಇತ್ತೆಂಬುದನ್ನು ಗಮನಿಸಿರಲಿಲ್ಲ. ಇದ್ದದ್ದರಲ್ಲಿ ಒಬ್ಬ ಕವಿ ಇದನ್ನು ಆರಿಸಿದ, ಇನ್ನೊಬ್ಬ ಅದನ್ನು ಆರಿಸಿದ. ವಿಮರ್ಶೆ ಕೇಳಬೇಕಾದ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ.

*

ಈಗ ಆ ಮೂರು ಉಪಮೆಗಳಿಗೆ ಬರೋಣ. ಮೊದಲೆರಡು, ಕಾಮನಬಿಲ್ಲು ಮತ್ತು ಮಿಂಚು, ಪದ್ಯದಲ್ಲಿ ಸಂಸ್ಕೃತದ ಸಮಾಸಗಳಾಗಿ ಬರುತ್ತವೆ. ಮೂರನೆಯದಕ್ಕೆ ಕವಿ ಬಳಸಿದ್ದು ಎರಡಕ್ಷರದ ಕನ್ನಡ ಮಾತು: ಮಂಜು. ಛಂದಸ್ಸಿನ ಅನುಕೂಲಕ್ಕೆ ಹಾಗಾಯಿತು ಎನ್ನಬಹುದು. ಆದರೆ ಬಾರಸ ಅಣುವೇಕ್ಖಾದ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ. ನೀರಗುಳ್ಳೆ, ಕಾಮನಬಿಲ್ಲು, ಮಿಂಚು, ಮೋಡ. ಕಟವಪ್ರದ ಕವಿಗೆ ಆ ಗಾಹೆ ನೇರವಾಗಿ ಗೊತ್ತಿತ್ತೆಂದು ನಾನು ವಾದಿಸುವುದಿಲ್ಲ. ಆದರೆ ಆ ಬಗೆಯ ಪಟ್ಟಿ ಮುನಿಗಳ ನಾಲಗೆಯ ಮೇಲೆ ಇದ್ದಿರಲೇಬೇಕು. ಅದರಲ್ಲಿ ಎರಡನ್ನು ಉಳಿಸಿಕೊಂಡು, ಗುಳ್ಳೆಯನ್ನು ಬಿಟ್ಟು, ಮೋಡದ ಜಾಗಕ್ಕೆ ಮಂಜನ್ನು ತಂದಂತಿದೆ ಈ ಪದ್ಯ. ಪಡೆದ ಮಾತಿನಿಂದ ತನ್ನ ಮಾತಿಗೆ ಕವಿ ದಾಟುವುದು ಇಲ್ಲಿಯೇ.

ಎರಡನೆಯದು ಕ್ರಿಯಾಪದ. ಮೂರು ಉಪಮೆಗಳಿಗೂ ಸೇರಿ ಒಂದೇ ಕ್ರಿಯೆ: ತೋರಿಕೊಂಡು ಬೇಗ ಚದುರುವುದು. ‘ಪಿರಿ’ ಎಂಬ ಹಳೆಯ ಧಾತು ಅದು. ಬೇರ್ಪಡು, ಬಿಡಿಬಿಡಿಯಾಗು ಎಂಬ ಅರ್ಥದ್ದು. ತಮಿಳಿನಲ್ಲಿ ಅಗಲು ಎಂಬ ಅರ್ಥದಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ಕಾಮನಬಿಲ್ಲು ಚದುರುವುದಿಲ್ಲ, ಮಸುಕಾಗುತ್ತದೆ. ಮಿಂಚು ಚದುರುವುದಿಲ್ಲ, ಆರುತ್ತದೆ. ಮೂರರಲ್ಲಿ ನಿಜವಾಗಿ ಬಿಡಿಬಿಡಿಯಾಗಿ ಚದುರುವುದು ಮಂಜೊಂದೇ. ಚದುರುವ ವಸ್ತುವನ್ನು ಕವಿ ಏನೆಂದು ಕರೆಯುತ್ತಾನೆ? ಸಿರಿ, ರೂಪ, ವೈಭವಗಳ ‘ರಾಶಿ’ ಎಂದು. ರಾಶಿ ಚದುರಬಹುದು. ಕಣದಲ್ಲಿ ಗಾಳಿಗೆ ಹೊಟ್ಟಿನ ರಾಶಿ ಚದುರುತ್ತದೆ, ಬೆಟ್ಟದ ಮೇಲೆ ಮಂಜಿನ ರಾಶಿ ಚದುರುತ್ತದೆ. ಕ್ರಿಯಾಪದವೂ ಉಪಮೇಯವೂ ಮೂರನೆಯ ಉಪಮೆಯ ಕಡೆಗೇ ವಾಲುತ್ತವೆ. ಮೊದಲೆರಡು ಪಕ್ಕವಾದ್ಯದಂತೆ ಬಂದು, ಮಂಜಿನಲ್ಲಿ ಪದ್ಯ ಬಂದು ನಿಲ್ಲುತ್ತದೆ.

ಮೂರನೆಯದು ನನಗೆ ಬೆಟ್ಟದ ಮೇಲೆ ಹೊಳೆದದ್ದು, ಹಾಗಾಗಿ ಅದನ್ನು ಹೆಚ್ಚು ಅನುಮಾನದಿಂದ ಹೇಳುತ್ತೇನೆ. ಮಧ್ಯಾಹ್ನ ಎರಡರ ಸುಮಾರಿಗೆ ಗಾಳಿ ಎದ್ದಿತು. ಅಲ್ಲಿಯವರೆಗೆ ಪ್ರಾಕಾರದ ಗೋಡೆಯಾಚೆ ಏನೂ ಇರಲಿಲ್ಲ, ಬರೀ ಬಿಳುಪು. ಮೊದಲು ಕೆಳಗಿನ ಕಲ್ಯಾಣಿಯ ಒಂದು ಮೂಲೆ ಬಂತು. ಆಮೇಲೆ ದೊಡ್ಡಬೆಟ್ಟದ ಬುಡ. ಆಮೇಲೆ, ಉತ್ತರಕ್ಕೆ ಮುಖಮಾಡಿ, ಅಂದರೆ ನಾನು ನಿಂತ ಬೆಟ್ಟದ ಕಡೆಗೇ ಮುಖಮಾಡಿ ನಿಂತ 58 ಅಡಿಯ ಗೊಮ್ಮಟನ ಹೆಗಲು, ತಲೆ. ಬೆಳಗಿನಿಂದ ಅವನು ಅಲ್ಲೇ ಇದ್ದ.

ಕಾಮನಬಿಲ್ಲು ಹೋದರೆ ಉಳಿಯುವುದು ಖಾಲಿ ಆಕಾಶ. ಮಿಂಚು ಹೋದರೆ ಕತ್ತಲೆ. ಎರಡರಲ್ಲೂ ಹೋಗುವುದು ಬೆಳಕು, ಬಣ್ಣ. ಹೋದದ್ದಕ್ಕೆ ವ್ಯಥೆ ಸಹಜ. ಮಂಜು ಹೋದರೆ ಮಾತ್ರ ಮಂಜಿನ ಹಿಂದೆ ಇದ್ದದ್ದು ಕಾಣುತ್ತದೆ. ಮೊದಲೆರಡು ಉಪಮೆಗಳು ಸಿರಿ ನಿಲ್ಲುವುದಿಲ್ಲ ಎಂದಷ್ಟೇ ಹೇಳುತ್ತವೆ. ಮೂರನೆಯದು ಅದನ್ನೂ ಹೇಳಿ, ಇಷ್ಟು ಹೊತ್ತು ಈ ಸಿರಿಯೇ ಏನನ್ನೋ ಮರೆಮಾಡಿತ್ತು ಎಂಬ ಸೂಚನೆಯನ್ನೂ ಒಳಗಿಟ್ಟುಕೊಂಡಿದೆ. ಅರಿವನ್ನು ಮುಚ್ಚುವ ಕರ್ಮಕ್ಕೆ ಜ್ಞಾನಾವರಣೀಯ ಎಂದೇ ಹೆಸರಿಟ್ಟ ಜೈನ ಚಿಂತನೆಗೆ ಈ ಸೂಚನೆ ಹೊರಗಿನದಲ್ಲ. ಪದ್ಯದ ಎರಡನೆಯ ಅರ್ಧದಲ್ಲಿ ಮುನಿಯ ತೀರ್ಮಾನ ದುಃಖದ ಧ್ವನಿಯಲ್ಲಿಲ್ಲದೆ ಇಷ್ಟು ತಣ್ಣಗೆ, ಇಷ್ಟು ನಿಚ್ಚಳವಾಗಿ ಏಕೆ ಬರುತ್ತದೆ ಎಂಬುದಕ್ಕೂ ಇದರಲ್ಲಿ ಉತ್ತರವಿರಬಹುದು. ಮಿಂಚಿನಿಂದ ನೇರ ಆ ತೀರ್ಮಾನಕ್ಕೆ ಹಾರಿದ್ದರೆ ಪದ್ಯ ಕಹಿಯಾಗುತ್ತಿತ್ತು. ನಡುವೆ ಮಂಜು ಬಂದದ್ದರಿಂದ ಅದು ಕಹಿಯಾಗಲಿಲ್ಲ.

*

ಆಕ್ಷೇಪಗಳಿವೆ. ಮೊದಲನೆಯದು, ಹಳಗನ್ನಡದ ‘ಮಂಜು’ ಇಬ್ಬನಿಯೂ ಆಗಬಹುದು. ಹಾಗಾದರೆ ಮರೆಮಾಡುವ, ಕಾಣಿಸುವ ವಾದವೇ ಬೀಳುತ್ತದೆ. ಇಬ್ಬನಿ ಏನನ್ನೂ ಮುಚ್ಚುವುದಿಲ್ಲ. ಇದನ್ನು ಪೂರ್ತಿ ತಳ್ಳಿಹಾಕಲು ನನ್ನಿಂದಾಗದು. ಆದರೆ ಇಬ್ಬನಿ ಆರುತ್ತದೆ ಇಲ್ಲವೇ ಉದುರುತ್ತದೆ. ‘ರಾಶಿ’ಯಾಗಿ ನಿಂತು ‘ಚದುರುವುದು’ ಅದರ ಸ್ವಭಾವವಲ್ಲ. ಪದ್ಯದ ಮಾತುಗಳು ಕಾವಳದ ಕಡೆಗೇ ಹೆಚ್ಚು ಒಲಿಯುತ್ತವೆ.

ಎರಡನೆಯದು ಹೆಚ್ಚು ಗಂಭೀರ. ನನಗೆ ಮಂಜು ಸರಿದಾಗ ಕಂಡದ್ದು ಗೊಮ್ಮಟ. ಚಾವುಂಡರಾಯ ಅವನನ್ನು ನಿಲ್ಲಿಸಿದ್ದು 981ರ ಸುಮಾರಿಗೆ, ಈ ಪದ್ಯ ಕೊರೆದು 280 ವರ್ಷಗಳಾದ ಮೇಲೆ. ನಂದಿಸೇನನ ಪದ್ಯ ಬರೆದವರು ಎದುರು ನೋಡಿದಾಗ ಕಂಡಿರಬಹುದಾದದ್ದು ಇನ್ನೊಂದು ಬೋಳು ಬೆಟ್ಟ. ನನ್ನ ರೋಮಾಂಚನವನ್ನು ಅವರ ಪದ್ಯದ ಅರ್ಥ ಎಂದು ಮಾರುವ ಹಕ್ಕು ನನಗಿಲ್ಲ. ಪದ್ಯ ತಾನಾಗಿ ಮಂಜಿನ ಹಿಂದೆ ಏನಿತ್ತೆಂದು ಹೇಳುವುದೂ ಇಲ್ಲ. ದೇವಲೋಕದ ಹೆಸರೆತ್ತಿ ಮುಗಿಸುತ್ತದೆ, ಅದನ್ನು ವರ್ಣಿಸುವುದಿಲ್ಲ.

ಮೂರನೆಯದನ್ನು ಎತ್ತಿದವರು ಮಾರ್ಗದರ್ಶಕರೇ. ಬೆಟ್ಟಕ್ಕೆ ಕಳಿಸಿದ್ದು ಅವರೇ ಆದರೂ, ತಿರುಗಿ ಬಂದು ಉತ್ಸಾಹದಿಂದ ಹೇಳಿದಾಗ ಕೇಳಿದರು: ‘ಅಲ್ಲಿಗೆ ಹೋದವರಿಗಷ್ಟೇ ಸಿಗುವ ಅರ್ಥ ಪದ್ಯದ್ದೋ, ಬೆಟ್ಟದ್ದೋ?’ ಒಂದು ವಾರ ಯೋಚಿಸಿದೆ. ನನ್ನ ಉತ್ತರ ಇದು. ಕನ್ನಡದ ಮಾತು ಮೂರನೆಯ ಜಾಗದಲ್ಲಿರುವುದು, ಕ್ರಿಯಾಪದ ಅದಕ್ಕೇ ಹೊಂದುವುದು, ರಾಶಿ ಎಂಬ ಮಾತು: ಇವೆಲ್ಲ ಎನ್.ಆರ್. ಕಾಲೊನಿಯ ಗ್ರಂಥಾಲಯದ ಮೇಜಿನ ಮೇಲೂ ಇದ್ದವು. ನಾನೇ ನೋಡಲಿಲ್ಲ. ‘ಸಿದ್ಧ ಉಪಮೆ’ ಎಂಬ ಹೆಸರು ಸಿಕ್ಕ ಕೂಡಲೇ ಓದುವುದು ನಿಲ್ಲಿಸಿದ್ದೆ. ಮಳೆ ನನಗೆ ಯಾವ ಸಾಕ್ಷ್ಯವನ್ನೂ ಕೊಡಲಿಲ್ಲ. ಬೇರೇನೂ ಮಾಡಲಾಗದಂತೆ ಮೂರು ಗಂಟೆ ಒಂದೇ ಪದ್ಯದ ಮುಂದೆ ಕೂರಿಸಿತು, ಅಷ್ಟೇ. ಆ ಕೂರುವಿಕೆ ಕೋಣೆಯಲ್ಲೂ ಸಾಧ್ಯವಿತ್ತು.

ಈ ತಪ್ಪು ನನ್ನೊಬ್ಬರದೇ ಎಂದೂ ಅನ್ನಿಸುವುದಿಲ್ಲ. ಹಳಗನ್ನಡವನ್ನು ನಮಗೆ ಕಲಿಸುವ ಕ್ರಮದಲ್ಲೇ ಇದಕ್ಕೆ ಜಾಗವಿದೆ. ಶಾಸನ ಎಂದರೆ ಕಾಲನಿರ್ಣಯ, ಭಾಷಾರೂಪ, ಛಂದಸ್ಸು. ಪರೀಕ್ಷೆಯಲ್ಲಿ ಕೇಳುವುದೂ ಅಷ್ಟನ್ನೇ. ‘ಪ್ರಾಚೀನತೆ’ಗೆ ಅಂಕ ಕೊಟ್ಟು ಮುಂದೆ ಹೋಗುತ್ತೇವೆ. ಇದು ಒಳ್ಳೆಯ ಪದ್ಯವೇ, ಯಾಕೆ ಒಳ್ಳೆಯದು ಎಂಬ ಪ್ರಶ್ನೆಯನ್ನು ಪಂಪನ ತನಕ ಮುಂದೂಡುತ್ತೇವೆ. ಷ. ಶೆಟ್ಟರ್ ಈ ಬೆಟ್ಟದ ಸಾವುಗಳ ಬಗ್ಗೆ ‘ಸಾವಿಗೆ ಆಹ್ವಾನ’ದಲ್ಲಿ ಇತಿಹಾಸಕಾರರಾಗಿ ಎಷ್ಟು ತಾಳ್ಮೆಯಿಂದ ಬರೆದರೋ, ಇಲ್ಲಿನ ಪದ್ಯಗಳ ಬಗ್ಗೆ ಕಾವ್ಯದ ಓದುಗರಾಗಿ ಅಷ್ಟು ತಾಳ್ಮೆ ತೋರಿಸುವ ಕೆಲಸ ಬಾಕಿಯಿದೆ.

*

ಕಾವಲುಗಾರರು ಹೇಳಿದ್ದು ನಿಜವಾಯಿತು. ಗಾಳಿ ಆಡಿದ ಸ್ವಲ್ಪ ಹೊತ್ತಿಗೆ ಬಂಡೆಯ ಮೈ ಬೂದುಬಣ್ಣಕ್ಕೆ ತಿರುಗತೊಡಗಿತು. ಗೀರುಗಳಲ್ಲಿ ನಿಂತ ನೀರು ಮಾತ್ರ ಕಪ್ಪಾಗಿ ಉಳಿಯಿತು. ನನ್ನ ಕಾಲಿನ ಹತ್ತಿರವೇ, ನಾನು ಎರಡು ಸಲ ದಾಟಿ ಹೋಗಿದ್ದ ಕಡೆ, ಒಂದು ಸಾಲು ಎದ್ದಿತು. ಹಳೆಯ ಲಿಪಿಯ ‘ಶ್ರೀ’ ಗುರುತು ಸಿಕ್ಕಿತು, ಆಮೇಲೆ ಒಂದು ‘ಗ’, ಒಂದು ‘ರ’. ನಂದಿಸೇನನ ಪದ್ಯವಲ್ಲ, ಯಾರದೋ ಚಿಕ್ಕ ಗದ್ಯಶಾಸನ. ಫೋಟೋ ತೆಗೆಯಲು ಕೈ ಒರೆಸಿಕೊಳ್ಳುವಷ್ಟರಲ್ಲಿ ಸಾಲಿನ ಒಂದು ತುದಿ ಆರಿತು. ಐದು ನಿಮಿಷದಲ್ಲಿ ಪೂರ್ತಿ ಹೋಯಿತು. ಮತ್ತೆ ಸೋನೆ ಹಿಡಿಯಿತು.

ಅಧ್ಯಾಯದಲ್ಲಿ ಈಗ ಆ ಜಾಗದಲ್ಲಿರುವ ವಾಕ್ಯ ಹೀಗಿದೆ: ‘ಮೊದಲೆರಡು ಉಪಮೆಗಳು ಪರಂಪರೆಯಿಂದ ಬಂದವು, ಮೂರನೆಯದರಲ್ಲಿ ಕವಿ ಪರಂಪರೆಯಿಂದ ಹೊರಳಿ, ಪದ್ಯದ ಕ್ರಿಯಾಪದಕ್ಕೂ ಉಪಮೇಯಕ್ಕೂ ಒಪ್ಪುವ ಕನ್ನಡದ ಮಾತನ್ನು ಆರಿಸಿದ್ದಾನೆ.’ ಮಂಜಿನ ಹಿಂದೆ ಕಾಣುವುದರ ಬಗ್ಗೆ ಬರೆದದ್ದನ್ನು ಅಡಿಟಿಪ್ಪಣಿಗೆ ಇಳಿಸಿದ್ದೇನೆ. ಮಾರ್ಗದರ್ಶಕರು ಅದನ್ನು ಉಳಿಸಲು ಬಿಡುತ್ತಾರೋ ಇಲ್ಲವೋ ನೋಡಬೇಕು.

ನಂದಿಸೇನನ ಪದ್ಯವನ್ನು ಬಂಡೆಯ ಮೇಲೆ ನಾನಿನ್ನೂ ನೋಡಿಲ್ಲ. ಪುಷ್ಯ ಮಾಸದಲ್ಲಿ, ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ, ಇನ್ನೊಮ್ಮೆ ಹೋಗಬೇಕು.